ಮೈನಸ್ ಚಿಹ್ನೆಯು ಸಾಲಿನ ಮೊದಲಿಗೆ ಬರುವ ಕುರಿತು

ಸಂಖ್ಯೆ: ಅವ/ತ್ರಿಕೋ/ಮೈ.ಚಿ./17/1989-90
ಸ್ಥಳ: ಚಿಕ್ಕೋಡಿ
ದಿನಾಂಕ: 14-7-1989

ಸುತ್ತೋಲೆ

ವಿಷಯ: ಗುಣಲಬ್ಧ ನಿಯಮ ಹಾಗೂ ಸರಪಳಿ ನಿಯಮಗಳನ್ನು ಬಳಸಿ ಸೈನ್, ಕಾಸ್ ಮುಂತಾದ ತ್ರಿಕೋನಮಿತಿ ಫಲನಗಳನ್ನು ಅವಕಲಿಸುವಾಗ ಶಿಸ್ತು ಕಾಪಾಡುವ ಬಗ್ಗೆ.

ಉಲ್ಲೇಖ:
(1) ಧಾರವಾಡದ ಮೌಲ್ಯಮಾಪಕರ ದೂರು.
(2) ಆಡಳಿತ ಮಂಡಳಿಯ ಠರಾವು (ಎಲ್ಲಿಯೂ ಬರೆದಿಟ್ಟಿಲ್ಲ).
(3) ಈ ಕಚೇರಿಯ ವಿಚಾರಣೆ.
(4) ಕರೋಶಿಯ ಶ್ರೀಮತಿ ಲಕ್ಷ್ಮಿಬಾಯಿಯವರು ಯಾರೂ ಕೇಳದಿದ್ದರೂ ನೀಡಿದ ಹೇಳಿಕೆ.

ಚಿಕ್ಕೋಡಿ, ರಾಯಬಾಗ ಹಾಗೂ ಅಥಣಿ ತಾಲೂಕುಗಳ (ನಿಪ್ಪಾಣಿ ಮತ್ತು ಕಾಗವಾಡದವರು ಇದು ತಮಗಲ್ಲವೆಂದು ಭಾವಿಸತಕ್ಕದ್ದಲ್ಲ) ಎಲ್ಲ ಪದವಿಪೂರ್ವ ಕಾಲೇಜುಗಳ ಪ್ರಾಚಾರ್ಯರಿಗೆ, ಗಣಿತ ಉಪನ್ಯಾಸಕರಿಗೆ ಹಾಗೂ ಕರಿಹಲಗೆ ಒರೆಸುವ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಸೈನ್ ಎಕ್ಸ್ ಅನ್ನು ಅವಕಲಿಸಿದರೆ ಕಾಸ್ ಎಕ್ಸ್ ಬರುತ್ತದೆ. ಕಾಸ್ ಎಕ್ಸ್ ಅನ್ನು ಅವಕಲಿಸಿದರೆ ಮೈನಸ್ ಸೈನ್ ಎಕ್ಸ್ ಬರುತ್ತದೆ. ಒಬ್ಬರಿಗೆ ಮೈನಸ್ ಇಲ್ಲ, ಇನ್ನೊಬ್ಬರಿಗೆ ಇದೆ ಎಂಬ ಈ ತಾರತಮ್ಯ ಇಲಾಖೆ ಮಾಡಿದ್ದಲ್ಲ. ಇಲಾಖೆ ಸ್ಥಾಪನೆಯಾಗುವ ಮೊದಲಿನಿಂದಲೂ ಹೀಗೆಯೇ ನಡೆದುಬಂದಿದೆ. ಈ ಬಗ್ಗೆ ಬರುವ ಅರ್ಜಿಗಳನ್ನು ಪರಿಶೀಲಿಸಲಾಗುವುದಿಲ್ಲ.

2. ಪ್ರಕರಣದ ಹಿನ್ನೆಲೆ. ಅಥಣಿ ಪಟ್ಟಣದ ಒಂದು ಕಾಲೇಜಿನಲ್ಲಿ (ಹೆಸರು ಹಾಕಬೇಡಿರೆಂದು ಪ್ರಾಚಾರ್ಯರು ಕೈಮುಗಿದು ಕೋರಿರುವುದರಿಂದ ಹಾಕಿಲ್ಲ) ಕರೋಶಿಯ ಜಿನ್ನಪ್ಪನವರ ಮಗಳು ಕು. ಸುಗಂಧಾ ಎಂಬವರು ಗಣಿತ ಕಲಿಸುತ್ತಿದ್ದರು. ಊರವರು ಶಿಕ್ಷಕಿಯರಿಗೆಲ್ಲ ಅನ್ನುವಂತೆ ಅವರನ್ನೂ ಬಾಯಾರು ಎಂದು ಕರೆಯುವರು. ನೌಕರಿ ತಾತ್ಕಾಲಿಕ. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಪಾಸಾದರೆ ಕಾಯಂ, ಇಲ್ಲವಾದರೆ ಮನೆಗೆ ಎಂಬುದು ನೇಮಕದ ಷರತ್ತು. ಮನೆಗೆ ಹೋಗುವುದೆಂದರೆ ಸದರಿಯವರಿಗೆ ಬರೀ ಸಂಬಳ ಹೋಗುವ ಮಾತಾಗಿರಲಿಲ್ಲ. ಹೆಣ್ಣುಮಗಳಿಗೆ ಇಷ್ಟೊಂದು ಗಣಿತ ಯಾಕೆ ಎಂದು ಕೇಳಿದವರಿಗೆಲ್ಲ ಜಿನ್ನಪ್ಪನವರು 'ನೋಡೋಣ' ಎಂದಷ್ಟೇ ಹೇಳಿ ಹೊಲದ ಹಾದಿ ಹಿಡಿಯುತ್ತಿದ್ದರು. ಆ 'ನೋಡೋಣ' ಎಂಬ ಮಾತಿನ ಮರ್ಯಾದೆ ಈಗ ಮಗಳ ಕೈಯಲ್ಲಿತ್ತು. ಜೊತೆಗೆ ಸದರಿಯವರಿಗೆ ಕಲಿಸುವುದೆಂದರೆ ಪ್ರಾಣ. ಇದನ್ನು ನಮೂದಿಸಲು ಸೇವಾ ಪುಸ್ತಕದಲ್ಲಿ ಅಂಕಣವಿಲ್ಲದ ಕಾರಣ ಇಲ್ಲಿ ನಮೂದಿಸಲಾಗಿದೆ.

3. ಸದರಿ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಶ್ರೀ ಕಾಕಾಸಾಹೇಬರು, ಬೆಲ್ಲದ ಅಡತಿ ವ್ಯಾಪಾರಿಗಳು. ಅವರ ಖರ್ಚಿನಲ್ಲಿ ಕಟ್ಟಿಸಿದ ಹೊಸ ಕೋಣೆಯ ಉದ್ಘಾಟನೆಯ ದಿನ ಹೊಸ ಕರಿಹಲಗೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಮೊದಲ ಅಕ್ಷರ ನೀವೇ ಬರೆಯಿರೆಂದು ಬಾಯಾರಿಗೆ ಚಾಕ್‌ಪೀಸ್ ಕೊಡಲಾಯಿತು. ಹಿಂದಿನ ದಿನ ಹಳೆಯ ಕೋಣೆಯಲ್ಲಿ ಗಂಟೆ ಬಾರಿಸಿದ್ದರಿಂದ ಒಂದು ಲೆಕ್ಕದ ಕೊನೆಯ ಸಾಲು ಉಳಿದಿತ್ತು. ಅದಕ್ಕಾಗಿ ಮಕ್ಕಳು ಕಾದಿದ್ದಾರೆಂಬುದೊಂದೇ ತಲೆಯಲ್ಲಿದ್ದ ಸದರಿಯವರು ಹಿಂದೆಮುಂದೆ ನೋಡದೆ ಮೈನಸ್ ಸೈನ್ ಎಕ್ಸ್ ಎಂದು ಬರೆದರು.

ಈ ಭಾಗದ ವ್ಯಾಪಾರಸ್ಥರು ಕಾಳು ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಹೊಸದರ ಮೊದಲ ಗುರುತು ಲಾಭದ್ದೇ ಆಗಿರಬೇಕು. ಅಂಥವರ ಕಣ್ಣೆದುರು, ಅವರದೇ ದುಡ್ಡಿನ ಹಲಗೆಯ ಮೇಲೆ, ಮೊಟ್ಟಮೊದಲು ಬಿದ್ದ ಗೆರೆ ಮೈನಸ್. ಕಾಕಾಸಾಹೇಬರು ಕೈಯಲ್ಲಿದ್ದ ಕೊಬ್ಬರಿ ಹೋಳನ್ನು ತಟ್ಟೆಗೆ ಮರಳಿಸಿದರು. ಅದೇ ವಾರ ಬೆಲ್ಲದ ದರ ಇಳಿಯಿತು. ಕೊಲ್ಲಾಪುರ ಪೇಟೆಗೆ ಮಾಲು ಹೆಚ್ಚು ಬಂದದ್ದೇ ಕಾರಣವೆಂದು ತಿಳಿದವರು ಹೇಳಿದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಲ್ಲ ಮಂಡಳಿಗಳಲ್ಲಿಯೂ ಇರುವ ಪದ್ಧತಿ.

ಆದ್ದರಿಂದ ಇನ್ನು ಮುಂದೆ ಉದ್ಘಾಟನೆಗಳಲ್ಲಿ ಟ್ಯಾನ್ ಎಕ್ಸ್ ಅನ್ನು ಮಾತ್ರ ಅವಕಲಿಸತಕ್ಕದ್ದೆಂದು ಸೂಚಿಸಲಾಗಿದೆ. ಅದರ ಉತ್ತರ ಸೀಕೆಂಟ್‌ನ ವರ್ಗವಾಗಿದ್ದು, ಎಂಥ ಸುಗ್ಗಿಯಲ್ಲಿಯೂ ಮೈನಸ್ ಆಗುವುದಿಲ್ಲ.

4. ಮಂಡಳಿಯು ತುರ್ತಾಗಿ ಸೇರಿ, ಕಾಲೇಜಿನ ಹಲಗೆಯ ಮೇಲಾಗಲಿ ಮಕ್ಕಳ ವಹಿಯಲ್ಲಾಗಲಿ ಯಾವ ಸಾಲೂ ಮೈನಸ್‌ನಿಂದ ಆರಂಭವಾಗತಕ್ಕದ್ದಲ್ಲ, ಆರಂಭವಾದರೆ ಉಪನ್ಯಾಸಕಿ ಅಂದೇ ಮನೆಗೆ ಎಂದು ಠರಾವು ಮಾಡಿತು. ಠರಾವನ್ನು ಬರೆದಿಡಲಿಲ್ಲ, ಬರೆದರೆ ನಡಾವಳಿಯಲ್ಲಿಯೂ ಮೈನಸ್ ಬರುತ್ತಿತ್ತು. ಜಾರಿಗೊಳಿಸಲು ಸಿಪಾಯಿ ಮಲಕಾರಿಯವರನ್ನು ತರಗತಿಯ ಕಿಟಕಿಗೆ ನಿಯೋಜಿಸಲಾಯಿತು. ಪ್ರತಿ ಸಾಲಿನ ಮೊದಲನ್ನು ನೋಡುವ ಅಧಿಕಾರ ಅವರಿಗಿತ್ತು. ನಡುವೆ ನೋಡುವ ಅಧಿಕಾರ ಇರಲಿಲ್ಲ.

ಬಾಯಾರ ಸ್ಥಿತಿ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ಮೈನಸ್ ಬರೆದರೆ ಅಂದೇ ನೌಕರಿ ಹೋಗುವುದು. ಬರೆಯದಿದ್ದರೆ ಮಕ್ಕಳೆಲ್ಲ ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದು, ಫಲಿತಾಂಶ ಬಂದ ಮೇಲೆ ಹೋಗುವುದು. ಎರಡರ ನಡುವೆ ಇದ್ದದ್ದು ಕೆಲವು ತಿಂಗಳ ಸಂಬಳ ಮಾತ್ರ.

ಕಾಟ್ ಮತ್ತು ಕೊಸೀಕೆಂಟ್‌ಗಳನ್ನು ಅವಕಲಿಸಿದರೂ ಮೈನಸ್ಸೇ ಬರುವುದರಿಂದ ಅವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ತಾವು ಕಾಸ್‌ನ ಸಂಬಂಧಿಕರಲ್ಲವೆಂದು ವಾದಿಸಲು ಅವಕಾಶವಿಲ್ಲ.

5. ಸದರಿ ಬಾಯಾರು ಅಂಗಡಿಗೆ ಹೋಗಿ ಕಾಕಾಸಾಹೇಬರನ್ನು ಕಂಡರು. ಬೆಲ್ಲದ ಪೆಂಟಿಗಳ ನಡುವೆ ಕುಳಿತು, ಒಂದು ಕಾಸ್‌ನ ಒಳಗೆ ಇನ್ನೊಂದು ಕಾಸ್ ಇದ್ದಾಗ ಏನಾಗುವುದೆಂದು ವಿವರಿಸಿದರು. ಇದು ಸರಪಳಿ ನಿಯಮ: ಮೊದಲು ಹೊರಗಿನದನ್ನು ಅವಕಲಿಸಬೇಕು, ಒಳಗಿನದನ್ನು ಮುಟ್ಟಬಾರದು, ನಂತರ ಒಳಗಿನದರ ಅವಕಲನದಿಂದ ಗುಣಿಸಬೇಕು. ಹೊರಗಿನ ಕಾಸ್ ಒಂದು ಮೈನಸ್ ಕೊಡುತ್ತದೆ, ಒಳಗಿನದು ಇನ್ನೊಂದು. ಎರಡೂ ಗುಣಿಸಿಕೊಂಡು ಪ್ಲಸ್ ಆಗುತ್ತದೆ.

ಕಾಕಾಸಾಹೇಬರು ತಕ್ಕಡಿ ಕೆಳಗಿಟ್ಟು ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಅಂದ್ರ ಲುಕ್ಸಾನಕ್ಕ ಲುಕ್ಸಾನ ಗುಣಿಸಿದ್ರ ಲಾಭ ಬರತೈತೇನ್ರಿ? ಇಷ್ಟ ವರ್ಷ ಧಂಧೆ ಮಾಡೀನಿ, ಯಾರೂ ಹೇಳ್ಲಿಲ್ಲ ನೋಡ್ರಿ ಇದನ್ನ."

ಅವರು ಕೂಡಲೇ ಚಹಾ ತರಿಸಿದರು. ಕಾಸ್‌ಗಳು ಜೋಡಿಯಾಗಿ ಬಂದರೆ ಅಭ್ಯಂತರವಿಲ್ಲವೆಂದು ಬಾಯಿಮಾತಿನ ಪರವಾನಗಿಯೂ ಸಿಕ್ಕಿತು. ಬಾಯಾರು ಗೆದ್ದೆನೆಂದುಕೊಂಡು ಮನೆಗೆ ಹೋದರು.

6. ಮರುದಿನ ಜುಗೂಳದ ರುಕ್ಮವ್ವನ ಮಗಳು, ದ್ವಿತೀಯ ವರ್ಷದ ವಿದ್ಯಾರ್ಥಿನಿ ಮಂಗಲ, ಪರವಾನಗಿಯನ್ನು ನಂಬಿ ಜೋಡಿ ಕಾಸ್ ಬರೆದಳು. ಆದರೆ ಒಂದರೊಳಗೆ ಒಂದನ್ನು ಕೂರಿಸಲಿಲ್ಲ, ಪಕ್ಕಪಕ್ಕ ನಿಲ್ಲಿಸಿದಳು: ಕಾಸ್ ಎಕ್ಸ್ ಗುಣಿಸು ಕಾಸ್ ಎಕ್ಸ್. ಪಕ್ಕಪಕ್ಕ ನಿಂತವರಿಗೆ ಸರಪಳಿ ನಿಯಮವಲ್ಲ, ಗುಣಲಬ್ಧ ನಿಯಮ ಅನ್ವಯಿಸುತ್ತದೆ. ಅದರಂತೆ ಒಬ್ಬರನ್ನು ಅವಕಲಿಸುವಾಗ ಇನ್ನೊಬ್ಬರು ಇದ್ದಂತೆಯೇ ಇರಬೇಕು, ನಂತರ ಅದಲುಬದಲು, ಬಂದ ಎರಡನ್ನೂ ಕೂಡಿಸಬೇಕು. ಇಲ್ಲಿ ಮೈನಸ್‌ಗಳು ಗುಣಿಸಿಕೊಳ್ಳುವುದಿಲ್ಲ, ಕೂಡಿಕೊಳ್ಳುತ್ತವೆ. ಹೀಗಾಗಿ ಹಲಗೆಯ ಮೇಲೆ ಒಂದರ ಹಿಂದೆ ಒಂದು ಎರಡು ಲುಕ್ಸಾನು ನಿಂತವು. ಮಲಕಾರಿಯವರು ಕಿಟಕಿಯಿಂದಲೇ ಓಡಿದರು.

ಪರವಾನಗಿ ಸಂಜೆಯೊಳಗೆ ರದ್ದಾಯಿತು. ಬಾಯಾರ ಉದ್ದೇಶ ಕೆಟ್ಟದ್ದಲ್ಲವೆಂದು ಮನಗಂಡು ಕಾಕಾಸಾಹೇಬರು ಅಂದು ಅವರನ್ನು ಮನೆಗೆ ಕಳಿಸಲಿಲ್ಲ. ಇನ್ನೊಮ್ಮೆ ಹೀಗಾದರೆ ತಮ್ಮ ಕೈಯಲ್ಲಿಲ್ಲ ಎಂದಷ್ಟೇ ಹೇಳಿಕಳಿಸಿದರು.

ಇಂತಹ ಗೊಂದಲ ತಪ್ಪಿಸಲು, ಎಲ್ಲಿಯಾದರೂ ಎರಡು ಕಾಸ್‌ಗಳು ಕಂಡುಬಂದಲ್ಲಿ ಅವು ಪಕ್ಕಪಕ್ಕ ನಿಂತಿವೆಯೋ ಒಂದರೊಳಗೆ ಒಂದು ಕುಳಿತಿವೆಯೋ ಎಂಬುದನ್ನು ಪ್ರಾಚಾರ್ಯರು ಸ್ಥಳಕ್ಕೆ ಹೋಗಿ ಖುದ್ದಾಗಿ ನೋಡಿ, ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡತಕ್ಕದ್ದು. ಪಂಚರು ಕಲಾ ವಿಭಾಗದವರಾಗಿದ್ದರೂ ನಡೆಯುತ್ತದೆ.

7. ಸೋದರತ್ತೆಯ ಕುರಿತು. ಬಾಯಾರು ತಾವು ಕಾಲೇಜು ಕಲಿಯುವಾಗ ಕರೋಶಿಯಿಂದ ಚಿಕ್ಕೋಡಿಗೆ ಒಬ್ಬರೇ ಬಸ್ಸಿನಲ್ಲಿ ಹೋಗಲು ಮನೆಯಲ್ಲಿ ಒಪ್ಪಿರಲಿಲ್ಲ. ಸೋದರತ್ತೆ ಲಕ್ಷ್ಮಿಬಾಯಿಯವರು ಜೊತೆಗೆ ಬಂದು, ಕಾಲೇಜಿನ ಬೇವಿನ ಮರದ ಕೆಳಗೆ ಸಂಜೆಯವರೆಗೆ ಕೂತು ಶೇಂಗಾ ಸುಲಿಯುವರು. ನಿಲ್ದಾಣದಲ್ಲಿ ಒಂದು ಕ್ರಮವಿತ್ತು. ಮೊದಲು ಅತ್ತೆ ಇಳಿಯುವರು, ಆಗ ಹುಡುಗಿ ಬಸ್ಸಿನಲ್ಲಿ ಇದ್ದಂತೆಯೇ ಇರಬೇಕು. ನಂತರ ಅತ್ತೆ ನಿಂತಲ್ಲೇ ನಿಲ್ಲುವರು, ಹುಡುಗಿ ಇಳಿಯಬೇಕು. ನೌಕರಿ ಹೋಗುವ ಚಿಂತೆಯಲ್ಲಿ ಬಸ್ಸಿನಲ್ಲಿ ಕುಳಿತಿದ್ದ ಒಂದು ದಿನ, ಯಾರೋ ಅತ್ತೆ ಯಾರೋ ಹುಡುಗಿಯನ್ನು ಹೀಗೆ ಇಳಿಸಿಕೊಳ್ಳುವುದನ್ನು ಕಂಡ ಬಾಯಾರು ತಾವು ಇಳಿಯುವ ನಿಲ್ದಾಣವನ್ನೇ ಮರೆತರೆಂದು ಕಂಡಕ್ಟರು ದೃಢೀಕರಿಸಿದ್ದಾರೆ.

ಅಂದಿನಿಂದ ಸದರಿಯವರ ತರಗತಿಯಲ್ಲಿ ಕಾಸ್ ಎಕ್ಸ್ ಒಬ್ಬಂಟಿಯಾಗಿ ಕಾಣಿಸಿಕೊಳ್ಳಲಿಲ್ಲ. ಜೊತೆಗೆ ಎಡಗಡೆ ಒಂದು ಎಕ್ಸ್ ಬರತೊಡಗಿತು. ಗುಣಲಬ್ಧ ನಿಯಮದಂತೆ ಮೊದಲು ಎಕ್ಸ್ ಇಳಿದು 1 ಆಗುವುದು, ಕಾಸ್ ಎಕ್ಸ್ ಇದ್ದಂತೆಯೇ ಇರುವುದು. ನಂತರ ಎಕ್ಸ್ ನಿಂತಲ್ಲೇ ನಿಲ್ಲುವುದು, ಕಾಸ್ ಎಕ್ಸ್ ಇಳಿದು ಮೈನಸ್ ಸೈನ್ ಎಕ್ಸ್ ಆಗುವುದು. ಉತ್ತರ: ಕಾಸ್ ಎಕ್ಸ್ ಮೈನಸ್ ಎಕ್ಸ್ ಸೈನ್ ಎಕ್ಸ್. ಮೈನಸ್ ಬಂತು, ಆದರೆ ಸಾಲಿನ ನಡುವೆ ಬಂತು, ಮತ್ತು ನಡುವೆ ನೋಡುವ ಅಧಿಕಾರ ಮಲಕಾರಿಯವರಿಗೆ ಇರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಲೆಕ್ಕದಲ್ಲಿ ಎಕ್ಸ್ ಇಲ್ಲದಾಗ 1 ಎಂಬ ಅಂಕಿಯನ್ನಾದರೂ ಜೊತೆಗೆ ಕರೆದುಕೊಳ್ಳಬೇಕೆಂದು ಕಲಿಸಲಾಯಿತು. ಒಂದರಿಂದ ಗುಣಿಸಿದರೆ ಯಾರಿಗೂ ಏನೂ ಆಗುವುದಿಲ್ಲ. 1 ಇಳಿದರೆ ಸೊನ್ನೆಯಾಗುವುದು. ಆಗ ಉತ್ತರ ಸೊನ್ನೆ ಮೈನಸ್ ಸೈನ್ ಎಕ್ಸ್. ಸಾಲಿನ ಮೊದಲಿಗೆ ಸೊನ್ನೆ. ಅದು ಲಾಭವೂ ಅಲ್ಲ, ಲುಕ್ಸಾನೂ ಅಲ್ಲ.

ಜೊತೆಗೆ ಬರುವ ಎಕ್ಸ್‌ಗೆ ಹಾಗೂ 1ಕ್ಕೆ ರಿಯಾಯಿತಿ ಬಸ್ ಪಾಸ್ ನೀಡಲು ಅವಕಾಶವಿಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಬೇವಿನ ಮರವಿಲ್ಲದ ಕಾಲೇಜುಗಳು ಕೂಡಲೇ ನೆಡತಕ್ಕದ್ದು.

8. ಸರಪಳಿ ನಿಯಮದ ಲೆಕ್ಕಗಳಲ್ಲಿ ಸದರಿಯವರು ಒಳಗಿನದರ ಅವಕಲನವನ್ನೇ ಮೊದಲು ಬರೆಯಿಸುತ್ತಿದ್ದರು. ಎಕ್ಸ್ ವರ್ಗದ ಕಾಸ್‌ಗೆ '2 ಎಕ್ಸ್' ಮುಂದೆ, ಮೈನಸ್ ಹೊತ್ತ ಸೈನ್ ಕಂಸದೊಳಗೆ ಹಿಂದೆ. ಗುಣಾಕಾರದಲ್ಲಿ ಯಾರು ಮುಂದೆ ನಿಂತರೂ ಬೆಲೆ ಒಂದೇ ಆದುದರಿಂದ ಇದು ತಪ್ಪಲ್ಲ. ಆದರೆ ಹೊರಬಾಗಿಲು ತೆರೆಯದೆ ಅಡುಗೆಮನೆಯಲ್ಲಿ ಕಾಣಿಸಿಕೊಳ್ಳುವುದು ಸಭ್ಯತೆಯಲ್ಲವೆಂದು ಇಲಾಖೆಯ ಅಭಿಪ್ರಾಯ. ಇಂಥ ಸಂದರ್ಭದಲ್ಲಿ ಅಂಚಿನಲ್ಲಿ ಸಣ್ಣದಾಗಿ 'ಹೊರಬಾಗಿಲು ತೆರೆಯಲಾಗಿದೆ' ಎಂದು ಬರೆದು ಸಹಿ ಮಾಡತಕ್ಕದ್ದು.

9. ಪರೀಕ್ಷೆಯಲ್ಲಿ ಬಂದ ಪ್ರಶ್ನೆ: ಕಾಸ್ ಎಕ್ಸ್‌ನ ಅವಕಲನವೇನು? ಜೊತೆಗೆ ಯಾರೂ ಇರಲಿಲ್ಲ. ಸದರಿ ಕಾಲೇಜಿನ ವಿದ್ಯಾರ್ಥಿಗಳು ಒಬ್ಬರು ಬಿಡದೆ 1 ಅನ್ನು ಕರೆತಂದು, ಗುಣಲಬ್ಧ ನಿಯಮ ಹಚ್ಚಿ, 'ಸೊನ್ನೆ ಮೈನಸ್ ಸೈನ್ ಎಕ್ಸ್' ಎಂದು ಬರೆದರು. ಧಾರವಾಡದ ಮೌಲ್ಯಮಾಪಕರು ಮೊದಲ ಸೊನ್ನೆಯನ್ನು ಕಂಡು ನಕ್ಕರು. ಮುಂದಿನದಕ್ಕೆ ಕನ್ನಡಕ ಒರೆಸಿಕೊಂಡರು. ಕಟ್ಟಿನ ಎಲ್ಲ ಪತ್ರಿಕೆಗಳಲ್ಲಿಯೂ ಅದೇ ಸೊನ್ನೆ ಕಂಡಾಗ ಸಾಮೂಹಿಕ ನಕಲು ಎಂದು ಷರಾ ಬರೆದರು. ಎಲ್ಲರ ಫಲಿತಾಂಶ ತಡೆಹಿಡಿಯಲಾಯಿತು. ಉತ್ತರ ಸರಿಯಿತ್ತೆಂಬುದಕ್ಕೆ ಯಾರೂ ತಕರಾರು ಮಾಡಲಿಲ್ಲ. ಇಷ್ಟು ಮಂದಿ ಒಂದೇ ರೀತಿ ಸರಿಯಾಗಿರುವುದು ಈ ಭಾಗದಲ್ಲಿ ಹಿಂದೆಂದೂ ನಡೆದಿರದ ಕಾರಣ ಸಂಶಯ ಬಂದಿದೆ ಎಂದು ಷರಾದಲ್ಲಿದೆ.

10. ವಿಚಾರಣೆ ಈ ಕಚೇರಿಯಲ್ಲಿ ನಡೆಯಿತು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಲಾಯಿತು. ಉತ್ತರ ಹೇಳಿಕೊಟ್ಟವರು ಯಾರೆಂಬ ಪ್ರಶ್ನೆಗೆ ಮಂಗಲ ನೀಡಿದ ಹೇಳಿಕೆ: "ಯಾರೂ ಹೇಳಿಲ್ರಿ. ಕಾಸ್ ಎಕ್ಸ್‌ನ ಒಬ್ಬಾಕಿನ್ನ ಹ್ಯಾಂಗ ಕಳಸಬೇಕ್ರಿ ಸಾಹೇಬ್ರ?" ಉಳಿದವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಇದರಿಂದ ಸಂಶಯ ಇನ್ನಷ್ಟು ಬಲವಾಯಿತು.

ಇಂಥ ವಿಚಿತ್ರ ಪದ್ಧತಿ ಏಕೆಂದು ಬಾಯಾರನ್ನು ಕೇಳಲಾಗಿ, ಮಂಡಳಿಯ ಠರಾವಿನಿಂದ ಎಂದರು. ಮಂಡಳಿಯ ಕಾರ್ಯದರ್ಶಿಗಳು ಎದ್ದು, ಅಂಥ ಠರಾವು ಆಗಿಯೇ ಇಲ್ಲವೆಂದು ನಡಾವಳಿ ಪುಸ್ತಕ ಬಿಚ್ಚಿ ತೋರಿಸಿದರು. ಪುಸ್ತಕ ಸ್ವಚ್ಛವಾಗಿತ್ತು. ಹಾಗಾದರೆ ಎಲ್ಲಕ್ಕೂ ಉಪನ್ಯಾಸಕಿಯೇ ಹೊಣೆ, ಮಕ್ಕಳ ಫಲಿತಾಂಶ ರದ್ದು, ಇವರ ಸೇವೆ ಸಮಾಪ್ತಿ ಎಂದು ವಿಚಾರಣಾಧಿಕಾರಿಗಳು ಬರೆಸತೊಡಗಿದರು. ಸದರಿಯವರಿಗೆ ಅಳು ಬಂತು. ತಮ್ಮ ಮಾತನ್ನು ನಂಬಿ 1 ಅನ್ನು ಕರೆತಂದ ಮಕ್ಕಳು ಹೊರಗೆ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು, ಸರಿಯಾಗಿ ಕಲಿತದ್ದಕ್ಕೇ ನಪಾಸಾಗುವವರಿದ್ದರು. ಅವರ ಮುಖ ಹೇಗೆ ನೋಡುವುದೆಂಬುದೇ ಸದರಿಯವರಿಗೆ ದೊಡ್ಡ ಸಂಕಟವಾಯಿತು. ಕಚೇರಿಯಲ್ಲಿ ಅಳುವುದು ಕಾಯಂ ನೌಕರರಿಗೆ ಮಾತ್ರ ಹೊಂದುತ್ತದೆಂದು ತಡೆದುಕೊಂಡರು.

11. ಆಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಕಾಕಾಸಾಹೇಬರು ಎದ್ದು ನಿಂತರು. ಇವರ ಪೇಟೆಯಲ್ಲಿ ಸವಾಲಿನ, ಅಂದರೆ ಹರಾಜಿನ, ದರವನ್ನು ರುಮಾಲಿನ ಕೆಳಗೆ ಬೆರಳು ಹಿಡಿದು ಗೊತ್ತುಮಾಡುತ್ತಾರೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಆದರೂ ಹಿಡಿದ ಬೆರಳಿಗೆ ತಪ್ಪಿದವನ ಅಂಗಡಿಗೆ ಮರುದಿನ ಗಾಡಿ ಬರುವುದಿಲ್ಲ. ಕಾರ್ಯದರ್ಶಿಗಳು ನಡಾವಳಿ ಪುಸ್ತಕ ತೋರಿಸಿದಾಗಿನಿಂದ ಅವರ ಮುಖ ಕೆಂಪಾಗಿತ್ತೆಂದು ಪಕ್ಕದಲ್ಲಿದ್ದವರು ಹೇಳಿದ್ದಾರೆ.

"ಠರಾವ ನಾನ ಮಾಡಿದ್ದರಿ," ಎಂದರು. "ಬರದಿಲ್ಲ, ಖರೆ. ನಮ್ಮ ಪ್ಯಾಟ್ಯಾಗ ಆಡಿದ್ದ ಮಾತ ಕಾಗದ. ಅದನ್ನ ಇಲ್ಲ ಅಂದ್ರ ನಾಳಿ ನನ್ನ ಬೆರಳ ಯಾರ ಹಿಡೀತಾರ?"

ವಿಚಾರಣಾಧಿಕಾರಿಗಳು ಇದನ್ನು ಬರೆದುಕೊಡುವಿರಾ ಎಂದು ಕೇಳಿದರು. ಕಾಕಾಸಾಹೇಬರು ಕಾಗದ ಕೇಳಲಿಲ್ಲ. ಕಚೇರಿಯ ಗೋಡೆಯಲ್ಲಿ ದಿನದ ಸುವಿಚಾರ ಬರೆಯಲೆಂದು ಇರುವ, ಯಾರೂ ಏನೂ ಬರೆಯದ ಕರಿಹಲಗೆಯ ಬಳಿ ಹೋದರು. ಚಾಕ್‌ಪೀಸ್ ಕೈಗೆತ್ತಿಕೊಂಡರು. ಈ ವಯಸ್ಸಿನವರೆಗೆ ಯಾವ ಸಾಲಿನ ಮೊದಲಿಗೂ ಆ ಗುರುತು ಹಾಕಿದವರಲ್ಲ. ಕಣ್ಣು ಮುಚ್ಚಿ ಜೈನರ ನಮೋಕಾರ ಮಂತ್ರ ಹೇಳಿಕೊಂಡು, ಖಾಲಿ ಹಲಗೆಯ ಎಡತುದಿಯಲ್ಲಿ ಒಂದು ಮೈನಸ್ ಎಳೆದರು.

"ಲುಕ್ಸಾನ ಆಗೂದಿದ್ರ ನಮ್ಮ ಮನೀಗೆ ಆಗ್ಲಿ. ಬಾಯಾರಿಗೆ ಬ್ಯಾಡ, ಈ ಹುಡುಗ್ರಿಗೆ ಬ್ಯಾಡ," ಎಂದು ಚಾಕ್‌ಪೀಸನ್ನು ಬಾಯಾರ ಕೈಗೆ ಕೊಟ್ಟರು. "ಮುಂದಿಂದ ನಿಮಗ ಗೊತ್ತೈತಿ. ಬರೀರಿ."

ಬಾಯಾರು ಸೈನ್ ಎಕ್ಸ್ ಎಂದು ಬರೆದರು. ಬರೆಯುವಾಗ ಅತ್ತರು. ವಿಚಾರಣಾಧಿಕಾರಿಗಳು ಎದ್ದು ನಿಂತದ್ದು ಯಾವ ನಿಯಮದ ಅಡಿಯಲ್ಲಿ ಎಂಬುದು ಇನ್ನೂ ಪತ್ತೆಯಾಗಿಲ್ಲ. ಮರುದಿನ ಬೆಲ್ಲದ ದರ ಮತ್ತೆ ಇಳಿಯಿತು. ಕಾಕಾಸಾಹೇಬರು ಎಂದಿನ ಹೊತ್ತಿಗೆ ಅಂಗಡಿ ತೆರೆದರು.

12. ಮೇಲಿನ ಎಲ್ಲವನ್ನೂ ಪರಿಗಣಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) 'ಸೊನ್ನೆ ಮೈನಸ್ ಸೈನ್ ಎಕ್ಸ್' ಎಂಬುದು ಸರಿಯಾದ ಉತ್ತರ. ತಡೆಹಿಡಿದ ಫಲಿತಾಂಶವನ್ನು ಕೂಡಲೇ ಬಿಡತಕ್ಕದ್ದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಸಾಗಿರುವುದು ಕಂಡುಬಂದಿದೆ. ಸೊನ್ನೆಯ ಬೆಲೆ ಏನೂ ಇಲ್ಲವಾದ್ದರಿಂದ ಅದಕ್ಕಾಗಿ ಅಂಕ ಕಳೆಯುವಂತಿಲ್ಲ, ಕೊಡುವಂತೆಯೂ ಇಲ್ಲ.

(ಆ) ಮೈನಸ್ ಚಿಹ್ನೆಯು ಇನ್ನು ಮುಂದೆ ಸಾಲಿನ ಮೊದಲಿಗೆ, ನಡುವೆ ಹಾಗೂ ಕೊನೆಗೆ, ತನಗೆ ಎಲ್ಲಿ ಬರಬೇಕಾಗಿದೆಯೋ ಅಲ್ಲಿ ಬರತಕ್ಕದ್ದು. ಬರುವಾಗ ಯಾರ ಅನುಮತಿಯನ್ನೂ ಕೇಳತಕ್ಕದ್ದಲ್ಲ.

(ಇ) ಬೆಲ್ಲದ ದರ ಮತ್ತು ಕಾಸ್ ಎಕ್ಸ್ ಇವರಿಬ್ಬರೂ ಇನ್ನು ಮುಂದೆ ಪರಸ್ಪರ ಪತ್ರವ್ಯವಹಾರ ಇಟ್ಟುಕೊಳ್ಳಬಾರದು.

(ಈ) ಪ್ರತಿ ಕಾಲೇಜಿನಲ್ಲಿ ವರ್ಷದ ಮೊದಲ ಮೈನಸ್ ಅನ್ನು ಆಡಳಿತ ಮಂಡಳಿಯ ಅಧ್ಯಕ್ಷರೇ ಎಳೆಯತಕ್ಕದ್ದು. ಪ್ರಯಾಣ ಭತ್ಯೆ ಇರುವುದಿಲ್ಲ.

ಈ ಸುತ್ತೋಲೆಯ ಯಾವುದೇ ಅಂಶ ಅರ್ಥವಾಗದಿದ್ದಲ್ಲಿ, ಮೊದಲು ಹೊರಗಿನಿಂದ ಓದಿ, ನಂತರ ಒಳಗಿನಿಂದ ಓದತಕ್ಕದ್ದು.

ಸಹಿ/-
ಅಧೀಕ್ಷಕರು (ಅವಕಲನ)
ಚಿಕ್ಕೋಡಿ

ಪ್ರತಿಗಳು:

1. ಎಲ್ಲ ಪ್ರಾಚಾರ್ಯರಿಗೆ. ಓದಿದ್ದೇವೆಂದು ಸಹಿ ಮಾಡಿ ಕಳಿಸುವುದು ಕಡ್ಡಾಯ, ಓದುವುದು ಐಚ್ಛಿಕ.

2. ಧಾರವಾಡದ ಮೌಲ್ಯಮಾಪಕರಿಗೆ, ವಿಶ್ರಾಂತಿ ಪಡೆದ ನಂತರ ನೋಡಲು.

3. ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ. ಇದನ್ನು ನಡಾವಳಿ ಪುಸ್ತಕದಲ್ಲಿ ಅಂಟಿಸಿ ವರದಿ ಮಾಡಲು.

4. ಶ್ರೀ ಮಲಕಾರಿ, ಸಿಪಾಯಿ. ಕಿಟಕಿ ಬಿಟ್ಟು ಕರ್ತವ್ಯಕ್ಕೆ ಮರಳಲು.

5. ಶ್ರೀಮತಿ ಲಕ್ಷ್ಮಿಬಾಯಿ, ಕರೋಶಿ. ಮಾಹಿತಿಗಾಗಿ. ಅವರು ತಮಗೆ ಎಲ್ಲವೂ ಮೊದಲೇ ಗೊತ್ತಿದೆಯೆಂದು ಹೇಳಿಕಳಿಸಿದ್ದಾರೆ.

6. ಕಚೇರಿ ಪ್ರತಿ.

7. ಕು. ಸುಗಂಧಾ, ಗಣಿತ ಉಪನ್ಯಾಸಕಿ (ಕಾಯಂ), ಅಥಣಿ. ಈ ಪ್ರತಿಯನ್ನು ಅಂಚೆಯಲ್ಲಿ ಹಾಕದೆ, ಸಿಬ್ಬಂದಿಯೊಬ್ಬರು ಖುದ್ದಾಗಿ ಕರೋಶಿಗೆ ಒಯ್ದು, ಶ್ರೀ ಜಿನ್ನಪ್ಪನವರ ಸಮಕ್ಷಮ, ಓಣಿಯವರೆಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಓದತಕ್ಕದ್ದು.